ಆಡೋಕೆ ಬರಬೇಕು, ಅಷ್ಟೇ: ರಟ್ಟು, ದಾರ, ಹಳೇ ಕಾಗದದಲ್ಲಿ ಮಕ್ಕಳ ಕೈಕೆಲಸ

ನಮ್ಮ ಮನೆಯ ಶೋಕೇಸಿನಲ್ಲಿ ಐಸ್‌ಕ್ರೀಂ ಕಡ್ಡಿಯ ಒಂದು ಪುಟ್ಟ ಮನೆ ಇದೆ. ಬಾಗಿಲು, ಕಿಟಕಿ, ಮುಂದೊಂದು ಬೇಲಿ. ನೋಡಿದವರೆಲ್ಲ "ನಿಮ್ಮ ಮಗಳು ಎಷ್ಟು ಚೆನ್ನಾಗಿ ಮಾಡಿದ್ದಾಳೆ" ಅಂತಾರೆ. ನಾನು ಸುಮ್ನೆ ನಗುತ್ತೇನೆ. ಏಕೆಂದರೆ ಅದನ್ನು ಮಾಡಿದ್ದು ನಾನು. ಮಗಳು ಮೊದಲ ಆರೇಳು ಕಡ್ಡಿ ಅಂಟಿಸಿದಳು. ಐದನೆಯದು ಸೊಟ್ಟಗಿದೆ ಎಂದು ನಾನು ಕಿತ್ತು ಸರಿ ಮಾಡಿದೆ. ಎಂಟನೆಯದಕ್ಕೆ ಅವಳು ಎದ್ದು ಹೋಗಿದ್ದಳು. ಅದು ಗೊತ್ತಾಗಿದ್ದು ನಾನು ಚಾವಣಿ ಮುಗಿಸಿ ತಲೆ ಎತ್ತಿದಾಗ!

ಆ ಮನೆಯ ಜೊತೆ ಯಾರೂ ಒಂದು ದಿನವೂ ಆಡಲಿಲ್ಲ. ಅದೇ ವಾರ ಅವಳು ತಾನೇ ಒಂದು ಗುಂಡಿಗೆ ದಾರ ಪೋಣಿಸಿ ತಿರುಗಿಸಿಕೊಂಡಿದ್ದಳು. ಅದನ್ನು ಮಲಗುವಾಗಲೂ ಕೈಬಿಡಲಿಲ್ಲ. ಅಂದಿನಿಂದ ನಾನು ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಮಾಡಿದ ವಸ್ತು ಏನಾದರೂ ಕೆಲಸ ಮಾಡಬೇಕು. ತಿರುಗಬೇಕು, ಹಾರಬೇಕು, ಉರುಳಬೇಕು, ಮಾತಾಡಬೇಕು, ಇಲ್ಲವೇ ಒಳಗೆ ಏನಾದರೂ ಇಡಲು ಬರಬೇಕು. ಚೆಂದ ಬಂದರೆ ಸಂತೋಷ, ಬರದಿದ್ದರೂ ಪರವಾಗಿಲ್ಲ.

ಈಗ ಮಗಳಿಗೆ ಒಂಬತ್ತು, ಮಗನಿಗೆ ಐದು. ಇಲ್ಲಿ ಹೇಳಿರುವುದೆಲ್ಲ ಈ ಇಬ್ಬರ ಕೈಯಲ್ಲಿ ಹಾಳಾಗಿ, ಮತ್ತೆ ಮಾಡಿ, ನಿಂತಿರುವ ಕೆಲಸಗಳು.

ಮೊದಲು ಒಂದು ಡಬ್ಬಿ

ಕೈಕೆಲಸದ ಸಾಮಾನು ಅಂತ ಹೊಸದಾಗಿ ಏನನ್ನೂ ತರಬೇಡಿ. ಮುಚ್ಚಳ ಇರುವ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಡಿ. ಹಳೇ ಪತ್ರಿಕೆ, ಒಂದು ಬದಿ ಖಾಲಿ ಇರುವ ಎ4 ಹಾಳೆ, ಖಾಲಿ ಬೆಂಕಿಪೊಟ್ಟಣ, ಬಾಟಲಿ ಮುಚ್ಚಳ, ಟಿಶ್ಯೂ ಸುರುಳಿಯ ಒಳಗಿನ ಕೊಳವೆ, ಹಳೇ ಅಂಗಿಯ ಗುಂಡಿ, ಜೋಡಿ ಕಳೆದುಕೊಂಡ ಕಾಲುಚೀಲ, ರಬ್ಬರ್ ಬ್ಯಾಂಡು, ದಾರದ ತುಂಡು, ಕಾಗದದ ಲೋಟ. ಇಷ್ಟು ಸೇರಿದರೆ ಒಂದು ವರ್ಷದ ರಜೆಗಳೆಲ್ಲ ಕಳೆಯುತ್ತವೆ. ಪೆಟ್ಟಿಗೆ ತುಂಬಿದ ಮೇಲೆ ಹೊಸದು ಹಾಕಬೇಕಾದರೆ ಹಳೆಯದೊಂದನ್ನು ಹೊರಗೆ ಹಾಕಬೇಕು. ಈ ನಿಯಮ ಇಲ್ಲದಿದ್ದರೆ ಇಡೀ ಮನೆಯೇ ಪೆಟ್ಟಿಗೆಯಾಗುತ್ತದೆ, ನೋಡಿದ್ದೇನೆ.

ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗುಂಡಿ, ಗೋಲಿ, ಒಡೆದ ಬಲೂನಿನ ಚೂರು ಇವನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮೇಲಿಡಿ. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳಲು ಒಂದು ಗುಂಡಿ ಸಾಕು.

ಕತ್ತರಿ ಬಗ್ಗೆ ಎರಡು ಮಾತು. ತುದಿ ದುಂಡಗಿರುವ ಕತ್ತರಿಯನ್ನು ನಾಲ್ಕು ವರ್ಷದ ಮಗುವಿಗೆ ಕೊಡಬಹುದು, ಪಕ್ಕದಲ್ಲಿ ನೀವು ಕೂತಿರಬೇಕು ಅಷ್ಟೇ. ಮೊದಲ ದಿನವೇ ಗೋಲ ಕತ್ತರಿಸು ಅನ್ನಬೇಡಿ. ಬೆರಳಗಲದ ಕಾಗದದ ಪಟ್ಟಿ ಕೊಟ್ಟು, ಒಂದೇ ಕಚಕ್‌ಗೆ ತುಂಡು ಬೀಳುವ ಹಾಗೆ ಬಿಡಿ. ಆ ಸದ್ದು ಅವರಿಗೆ ಬಹಳ ಇಷ್ಟ. ಗೋಲ ಕತ್ತರಿಸುವ ಹೊತ್ತಿಗೆ ಗುಟ್ಟು ಇಷ್ಟೇ: ತಿರುಗಬೇಕಾದ್ದು ಕಾಗದ, ಕತ್ತರಿ ಇದ್ದಲ್ಲೇ ಇರಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ನನ್ನ ಮಗ ಎಡಗೈಯವನು. ಅವನಿಗೆ ಕತ್ತರಿಸಲು ಬರುವುದೇ ಇಲ್ಲ ಎಂದುಕೊಂಡಿದ್ದೆ. ಕಾಗದ ಎರಡು ಅಲಗಿನ ಮಧ್ಯೆ ಮಡಚಿಕೊಳ್ಳುತ್ತಿತ್ತು, ಅವನು ಅಳುತ್ತಿದ್ದ. ಆಮೇಲೆ ನಾನೇ ಎಡಗೈಯಲ್ಲಿ ಹಿಡಿದು ನೋಡಿದೆ. ಸಾಮಾನ್ಯ ಕತ್ತರಿಯ ಅಲಗುಗಳನ್ನು ಬಲಗೈಯ ಹಿಡಿತಕ್ಕೆ ಜೋಡಿಸಿರುತ್ತಾರೆ. ಬಲಗೈಯಲ್ಲಿ ಒತ್ತಿದರೆ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎಡಗೈಯಲ್ಲಿ ಒತ್ತಿದರೆ ಅಗಲುತ್ತವೆ. ಕತ್ತರಿಸುವ ಗೆರೆಯೂ ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ ತಂದ ಮೇಲೆ ಒಂದೇ ವಾರದಲ್ಲಿ ಹುಡುಗ ನನ್ನ ರಶೀದಿಗಳನ್ನೂ ಬಿಡಲಿಲ್ಲ.

ಅಂಟು, ಮತ್ತು ಕಾಗದದ ಓಟ

ನಮ್ಮಪ್ಪ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದರು. ನಾನು ಬೆಳೆದದ್ದೇ ಮೈದಾ ಅಂಟಿನ ವಾಸನೆಯಲ್ಲಿ. ಬಿಳಿ ಗೋಂದು ಒಳ್ಳೆಯದೇ, ಸಣ್ಣಪುಟ್ಟ ಕೆಲಸಕ್ಕೆ ಅದೇ ಸಾಕು. ಆದರೆ ಕಾಗದ ಜಾಸ್ತಿ ಇರುವ ಕೆಲಸಕ್ಕೆ ಮೈದಾ ಅಂಟಿಗೆ ಸಮ ಯಾವುದೂ ಇಲ್ಲ. ಮಕ್ಕಳು ಮೊಣಕೈವರೆಗೆ ಬಳಿದುಕೊಂಡರೂ ನೀರಿನಲ್ಲಿ ಹೋಗುತ್ತದೆ.

ಒಂದು ಲೋಟ ಮೈದಾಗೆ ಒಂದು ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ಇನ್ನೊಂದು ಪಾತ್ರೆಯಲ್ಲಿ ಮೂರು ಲೋಟ ನೀರು ಕುದಿಯಲು ಇಡಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಕಲಸಿದ್ದನ್ನು ನಿಧಾನವಾಗಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಿರಿ. ಹಾಲಿನ ಬಿಳುಪು ಹೋಗಿ ಹೊಳಪು ಬರುವವರೆಗೆ, ನಾಲ್ಕೈದು ನಿಮಿಷ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಲೆಯ ಮೇಲೆ ಸ್ವಲ್ಪ ತೆಳ್ಳಗೇ ಇರಲಿ. ಒಲೆಯ ಕೆಲಸ ದೊಡ್ಡವರದ್ದು. ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಅಪ್ಪ ಹುಳ ಬರದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಬೈಂಡರ್ ಹಾಕಲಿ, ನೀವು ಮಕ್ಕಳ ಅಂಟಿಗೆ ಹಾಕಬೇಡಿ.

ಅಪ್ಪನಿಂದ ಕಲಿತ ಇನ್ನೊಂದು ವಿಷಯವನ್ನು ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ತೋರಿಸುತ್ತೇನೆ. ಒಂದು ಪತ್ರಿಕೆಯ ಹಾಳೆ ತೆಗೆದುಕೊಂಡು ಮೇಲಿಂದ ಕೆಳಗೆ ಹರಿಯಿರಿ. ಆಮೇಲೆ ಎಡದಿಂದ ಬಲಕ್ಕೆ ಹರಿಯಿರಿ. ಒಂದು ದಿಕ್ಕಿನಲ್ಲಿ ಪಟ್ಟಿ ನೆಟ್ಟಗೆ ಬರುತ್ತದೆ, ಇನ್ನೊಂದರಲ್ಲಿ ಎತ್ತೆತ್ತಲೋ ಓಡುತ್ತದೆ. ಕಾಗದ ತಯಾರಾಗುವಾಗ ತಿರುಳು ಓಡುವ ಪಟ್ಟಿಯ ಮೇಲೆ ಹರಿಯುತ್ತದೆ, ಆಗ ನಾರುಗಳಲ್ಲಿ ಬಹಳಷ್ಟು ಆ ಓಟದ ದಿಕ್ಕಿಗೇ ಮಲಗುತ್ತವೆ. ಅಪ್ಪ ಇದನ್ನು "ಕಾಗದದ ಓಟ" ಎನ್ನುತ್ತಿದ್ದರು. ಓಟದ ಜೊತೆ ಹರಿದರೆ ನೇರ, ಮಡಚಿದರೆ ಮಡಿಕೆ ಚೊಕ್ಕ. ಅಡ್ಡಕ್ಕೆ ಮಡಚಿದರೆ ಮಡಿಕೆಯ ಅಂಚು ಬಿರಿಯುತ್ತದೆ. ದಪ್ಪ ಕಾಗದದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಮ್ಮ ಮನೆಯಲ್ಲಿ ಈಗ ಯಾವ ಹಾಳೆ ಸಿಕ್ಕರೂ ಮೊದಲು ಮೂಲೆ ಹರಿದು ನೋಡುತ್ತಾರೆ. ಒಮ್ಮೆ ಸಾಲಪತ್ರದ ನಕಲಿಗೂ ಆ ಗತಿ ಬಂತು. ಕಲಿಸಿದ್ದಕ್ಕೆ ಅನುಭವಿಸಬೇಕಲ್ಲ.

ರಟ್ಟಿಗೂ ಇಂಥದ್ದೇ ಗುಣ ಇದೆ. ಪಾರ್ಸೆಲ್ ಪೆಟ್ಟಿಗೆಯ ಅಲೆ ಅಲೆ ರಟ್ಟು ಅಲೆಯ ಸಾಲಿನ ಉದ್ದಕ್ಕೆ ಸುಲಭವಾಗಿ ಮಡಚಿಕೊಳ್ಳುತ್ತದೆ, ಅಡ್ಡಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ರಟ್ಟಿನ ಒಂದೇ ಬದಿಗೆ ಬಣ್ಣದ ಕಾಗದ ಅಂಟಿಸಿದರೆ ಒಣಗುವಾಗ ಕಾಗದ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ದೋಣಿ! ಹಿಂಬದಿಗೂ ಒಂದು ಕಾಗದ ಅಂಟಿಸಿ, ಮೇಲೊಂದು ದಪ್ಪ ಪುಸ್ತಕ ಹೇರಿಡಿ. ಸರಿಯಾಗುತ್ತದೆ.

ಒಂದು ಹಾಳೆ, ಒಂದು ಸೀಳು, ಎಂಟು ಪುಟ

ಯಾವುದಾದರೂ ಒಂದನ್ನೇ ಮಾಡಿಸುವುದಾದರೆ ಇದನ್ನು ಮಾಡಿಸಿ. ಅಂಟು ಬೇಡ, ಸ್ಟೇಪ್ಲರ್ ಬೇಡ. ಎ4 ಹಾಳೆ ಒಂದು, ಕತ್ತರಿ ಒಂದು.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಮೇಲಿನ ಉದ್ದ ಅಂಚನ್ನು ಕೆಳಗಿನ ಅಂಚಿಗೆ ತಂದು ಮಡಚಿ, ಉಗುರಿನಿಂದಲೋ ಚಮಚದ ಹಿಂಬದಿಯಿಂದಲೋ ಚೆನ್ನಾಗಿ ತೀಡಿ, ಬಿಚ್ಚಿ. ಈಗ ಎಡ ಅಂಚನ್ನು ಬಲ ಅಂಚಿಗೆ ತಂದು ಮಡಚಿ. ಇದನ್ನು ಬಿಚ್ಚಬೇಡಿ. ಅದೇ ದಿಕ್ಕಿನಲ್ಲಿ ಮತ್ತೊಮ್ಮೆ ಅರ್ಧಕ್ಕೆ ಮಡಚಿ, ತೀಡಿ, ಈ ಕೊನೆಯ ಮಡಿಕೆಯನ್ನು ಮಾತ್ರ ಬಿಚ್ಚಿ. ಕೈಯಲ್ಲಿ ಅರ್ಧ ಹಾಳೆಯಷ್ಟು ಗಾತ್ರದ, ಎರಡು ಪದರದ ಕಾಗದ ಇರುತ್ತದೆ. ಅದರ ಮೇಲೆ ಕೂಡಿಸು ಚಿಹ್ನೆಯ ಹಾಗೆ ಎರಡು ಗೆರೆ ಕಾಣುತ್ತವೆ.

ಕತ್ತರಿ ಹಾಕುವ ಜಾಗ ಇದು, ನಿಧಾನ. ಎರಡು ಪದರದ ಒಂದು ಕಡೆ ಮುಚ್ಚಿದ ಮಡಿಕೆ ಇದೆ, ಎದುರಿನ ಕಡೆ ತೆರೆದಿದೆ. ಮುಚ್ಚಿದ ಕಡೆಯಿಂದ ಒಳಕ್ಕೆ, ಮಧ್ಯದ ಗೆರೆಯ ಮೇಲೆ, ಕೂಡಿಸು ಚಿಹ್ನೆಯ ನಡುವಿನವರೆಗೆ ಮಾತ್ರ ಕತ್ತರಿಸಿ. ಏಳೂವರೆ ಸೆಂಟಿಮೀಟರಿಗಿಂತ ಒಂದು ಕೂದಲು ಕಡಿಮೆ. ತೆರೆದ ಕಡೆಯಿಂದ ಕತ್ತರಿಸಿದರೆ ಪುಸ್ತಕ ಆಗುವುದಿಲ್ಲ. ಮಗಳು ಎರಡು ಸಲ ಹಾಗೇ ಮಾಡಿದಳು. ಮೂರನೆಯ ಸಲ ಮುಚ್ಚಿದ ಕಡೆಗೆ ಪೆನ್ಸಿಲಿನಲ್ಲಿ ಒಂದು ಇರುವೆ ಬರೆದುಕೊಂಡಳು. ಇರುವೆ ಒಳಗೆ ಹೋಗುವ ದಾರಿ ಅಂತೆ ಅದು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ನೀವೂ ಇರುವೆ ಬರೆಸಿ.

ಹಾಳೆಯನ್ನು ಪೂರ್ತಿ ಬಿಚ್ಚಿದರೆ ನಡುವೆ ಉದ್ದ ಸೀಳು ಕಾಣುತ್ತದೆ. ಹಾಳೆಯನ್ನು ಮತ್ತೆ ಉದ್ದಕ್ಕೆ ಅರ್ಧ ಮಡಚಿ, ಸೀಳು ಮೇಲಕ್ಕೆ ಬರಲಿ. ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಡುತ್ತದೆ, ವಜ್ರದ ಆಕಾರವಾಗುತ್ತದೆ. ಇನ್ನೂ ತಳ್ಳಿದರೆ ನಾಲ್ಕು ರೆಕ್ಕೆ ನಾಲ್ಕು ದಿಕ್ಕಿಗೆ ನಿಲ್ಲುತ್ತವೆ. ಅವನ್ನು ಒಂದೇ ಕಡೆಗೆ ಸುತ್ತಿ ಮಡಚಿ, ಅಂಚು ತೀಡಿ. ಅಂಗೈಯಲ್ಲಿ ಒಂದು ಪುಸ್ತಕ. 7.4 ಸೆಂಟಿಮೀಟರ್ ಅಗಲ, 10.5 ಉದ್ದ, ಹೊದಿಕೆಯೂ ಸೇರಿ ಎಂಟು ಪುಟ. ಎ ಸರಣಿಯ ಕಾಗದದ ಚೆಂದ ಇದರಲ್ಲೇ ಗೊತ್ತಾಗುತ್ತದೆ. ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಅದೇ, ಗಾತ್ರ ಮಾತ್ರ ಸಣ್ಣದು. ಈ ಪುಟ್ಟ ಪುಟ ಎ7.

ಖಾಲಿ ಪುಸ್ತಕ ಕೈಗೆ ಬಂದರೆ ಮಕ್ಕಳು ತಾವೇ ಬರೆಯತೊಡಗುತ್ತಾರೆ. ಮಗನಿಗೆ ಆಗ ಅಕ್ಷರ ಬರುತ್ತಿರಲಿಲ್ಲ. ಎಂಟೂ ಪುಟಕ್ಕೆ ಒಂದೊಂದು ಚಕ್ರ ಬರೆದು "ಬಸ್ ಪುಸ್ತಕ" ಅಂದ. ಬಸ್ಸು ಎಲ್ಲಿ ಅಂತ ಅಕ್ಕ ಕೇಳಿದಳು. "ಮುಂದೆ ಹೋಯ್ತು" ಅಂದ. ಇನ್ನೊಂದು ಖುಷಿ ಇದೆ. ಪುಸ್ತಕವನ್ನು ಬಿಚ್ಚಿದರೆ ಎಂಟೂ ಪುಟ ಹಾಳೆಯ ಒಂದೇ ಬದಿಯಲ್ಲಿ ಇರುತ್ತವೆ. ಹಾಗಾಗಿ ಜೆರಾಕ್ಸ್ ಮಾಡಿ, ಮಡಚಿ, ಗೆಳೆಯರಿಗೆಲ್ಲ ಹಂಚಬಹುದು. ಬಿಚ್ಚಿದಾಗ ನಾಲ್ಕು ಪುಟ ತಲೆಕೆಳಗೆ ಕಾಣುತ್ತವೆ, ಗಾಬರಿ ಬೇಡ, ಅದು ಹಾಗೇ ಇರಬೇಕು.

ಗುಂಯ್ ಅನ್ನುವ ಬಿಲ್ಲೆ

ಮಗಳು ಮಲಗುವಾಗಲೂ ಹಿಡಿದುಕೊಂಡಿದ್ದ ಆಟಿಕೆ ಇದು. ದೊಡ್ಡ ಗುಂಡಿ ಇದ್ದರೆ ಎದುರೆದುರಿನ ಎರಡು ತೂತಿಗೆ ದಾರ ಹಾಕಿದರೆ ಮುಗಿಯಿತು. ಆದರೆ ರಟ್ಟಿನಲ್ಲಿ ಮಾಡಿದರೆ ಬಣ್ಣ ಹಚ್ಚಬಹುದು.

ಲೋಟದ ಬಾಯಿ ಇಟ್ಟು ರಟ್ಟಿನ ಮೇಲೆ ಎರಡು ಗೋಲ ಬರೆದು ಕತ್ತರಿಸಿ. ಏಳು ಸೆಂಟಿಮೀಟರಿನ ಆಸುಪಾಸು ಇರಲಿ. ಒಂದರ ಅಲೆ ಉದ್ದಕ್ಕೆ, ಇನ್ನೊಂದರ ಅಲೆ ಅಡ್ಡಕ್ಕೆ ಬರುವ ಹಾಗೆ ಅಂಟಿಸಿ. ಆಗ ಬಿಲ್ಲೆ ಬಾಗುವುದಿಲ್ಲ. ನಡುಬಿಂದು ಹುಡುಕಲು ಅದೇ ಅಳತೆಯ ಒಂದು ಕಾಗದದ ಗೋಲ ಕತ್ತರಿಸಿ, ಎರಡು ಸಲ ಅರ್ಧಕ್ಕೆ ಮಡಚಿ ಬಿಚ್ಚಿ. ಮಡಿಕೆಗಳು ಕೂಡುವ ಜಾಗವೇ ನಡು. ಆ ಕಾಗದವನ್ನು ಬಿಲ್ಲೆಯ ಮೇಲಿಟ್ಟು ನಡುಬಿಂದುವಿನ ಎರಡೂ ಪಕ್ಕ, ಒಂದೇ ಗೆರೆಯಲ್ಲಿ, ಅರ್ಧ ಅರ್ಧ ಸೆಂಟಿಮೀಟರ್ ದೂರಕ್ಕೆ ಗುರುತು ಮಾಡಿ. ತೂತು ಹಾಕಲು ದಬ್ಬಳ ಬೇಕು, ಅದು ನಿಮ್ಮ ಕೈಯಲ್ಲಿರಲಿ. ಕೆಳಗೆ ಒಂದು ಹಳೇ ರಬ್ಬರ್ ಚಪ್ಪಲಿ ಇಟ್ಟು ಚುಚ್ಚಿದರೆ ಮೇಜಿಗೆ ತೂತಾಗುವುದಿಲ್ಲ.

ಗಟ್ಟಿ ದಾರ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದು ತೂತಿನಿಂದ ಹಾಕಿ ಇನ್ನೊಂದರಿಂದ ವಾಪಸ್ ತಂದು ತುದಿಗಳನ್ನು ಗಂಟು ಹಾಕಿ. ಈಗ ದಾರದ ಬಳೆಯ ಮಧ್ಯೆ ಬಿಲ್ಲೆ ಇದೆ. ಎರಡು ತುದಿಗೂ ಬೆರಳು ಹಾಕಿ, ದಾರ ಸಡಿಲ ಬಿಟ್ಟು, ಬಿಲ್ಲೆಯನ್ನು ಇಪ್ಪತ್ತು ಸುತ್ತು ತೂಗಿ ದಾರಕ್ಕೆ ಹುರಿ ಹಾಕಿ. ಎಳೆಯಿರಿ. ಹುರಿ ಬಿಚ್ಚುತ್ತಾ ಬಿಲ್ಲೆ ತಿರುಗುತ್ತದೆ. ಇನ್ನೇನು ಪೂರ್ತಿ ಬಿಚ್ಚಿತು ಅನ್ನುವಾಗ ಕೈ ಸಡಿಲಿಸಿ. ಬಿಲ್ಲೆ ತನ್ನ ವೇಗದಲ್ಲೇ ಇನ್ನೊಂದು ಕಡೆಗೆ ಹುರಿ ಹಾಕಿಕೊಳ್ಳುತ್ತದೆ. ಮತ್ತೆ ಎಳೆಯಿರಿ. ಎಳೆ, ಬಿಡು, ಎಳೆ, ಬಿಡು. ಮಕ್ಕಳಿಗೆ ಕಷ್ಟವಾಗುವುದು ಈ "ಬಿಡು". ಎಳೆದವರು ಎಳೆದೇ ಹಿಡಿದಿರುತ್ತಾರೆ, ಬಿಲ್ಲೆ ನಿಂತುಬಿಡುತ್ತದೆ. ಮಗನ ಹಿಂದೆ ಕೂತು ಅವನ ಎರಡೂ ಕೈ ಹಿಡಿದು ಹತ್ತು ಸಲ ಮಾಡಿಸಿದೆ. ಹನ್ನೊಂದನೆಯ ಸಲಕ್ಕೆ ಗುಂಯ್ ಅಂತ ಸದ್ದು ಬಂತು, ನನ್ನ ಕೈ ತಳ್ಳಿದ. ತಿರುಗುವಾಗ ಮುಖಕ್ಕೂ ಕೂದಲಿಗೂ ದೂರ ಇರಲಿ. ಉದ್ದ ಜಡೆ ಒಮ್ಮೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ.

ಬಿಲ್ಲೆಗೆ ಕೆಂಪು, ಹಳದಿ ಪಾಲು ಪಾಲಾಗಿ ಬಳಿದರೆ ತಿರುಗುವಾಗ ಕಿತ್ತಳೆ ಕಾಣುತ್ತದೆ. ನಾವು ನೀಲಿ, ಹಳದಿ ಬಳಿದು ಹಸಿರಿಗಾಗಿ ಕಾದೆವು. ಬಂದದ್ದು ಮಬ್ಬು ಬೂದು. ಬಣ್ಣದ ಬಟ್ಟಲಿನಲ್ಲಿ ಬೆರೆಯುವುದು ಬಣ್ಣ, ಇಲ್ಲಿ ಕಣ್ಣಿನಲ್ಲಿ ಬೆರೆಯುವುದು ಬೆಳಕು. ಅದಕ್ಕೇ ಈ ವ್ಯತ್ಯಾಸ. ಮಗಳು ಅರ್ಧ ದಿನ ಬೇರೆ ಬೇರೆ ಜೋಡಿ ಬಳಿದು ನೋಡಿದಳು.

ಇದು ಬರೀ ಆಟಿಕೆ ಅಂದುಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜೊತೆಯವರು ಇದೇ ಬಿಲ್ಲೆ ದಾರದ ಉಪಾಯದಿಂದ ಕಾಗದದ ಒಂದು ಸಾಧನ ಮಾಡಿ 2017ರಲ್ಲಿ ಪ್ರಕಟಿಸಿದರು. ಅದು ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗುತ್ತದೆ. ಕರೆಂಟಿಲ್ಲದ ಕಡೆ ರಕ್ತದಿಂದ ಪ್ಲಾಸ್ಮಾವನ್ನು ಒಂದೂವರೆ ನಿಮಿಷದಲ್ಲಿ ಬೇರೆ ಮಾಡಬಲ್ಲದು. ಇದನ್ನು ಹೇಳಿದಾಗ ಮಗಳು ಬಿಲ್ಲೆಯ ಮೇಲೆ ಕೆಂಪು ಬಣ್ಣದ ಒಂದು ತೊಟ್ಟು ಹಾಕಿ ತಿರುಗಿಸಿದಳು. ಗೋಡೆಯ ಮೇಲಿನ ಚುಕ್ಕೆಗಳ ಸಾಲು ಇನ್ನೂ ಇದೆ. ಹಸಿ ಬಣ್ಣ ಒಣಗಿದ ಮೇಲೇ ತಿರುಗಿಸಿ ಎಂದು ನಾನು ಮೊದಲೇ ಹೇಳಬೇಕಿತ್ತು.

ಬೇಗ ಆಗುವ ಮೂರು

ಹೆಲಿಕಾಪ್ಟರು: 6 ಸೆಂಟಿಮೀಟರ್ ಅಗಲ, 20 ಉದ್ದದ ಕಾಗದದ ಪಟ್ಟಿ. ಮೇಲಿಂದ ನಡುವೆ 9 ಸೆಂಟಿಮೀಟರ್ ಸೀಳಿ, ಎರಡು ರೆಕ್ಕೆ ಆಯಿತು. ಸೀಳಿನ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು ಎರಡೂ ಪಕ್ಕದಿಂದ ಎರಡೆರಡು ಸೆಂಟಿಮೀಟರ್ ಒಳಕ್ಕೆ ಕತ್ತರಿಸಿ. ಕೆಳಭಾಗದ ಎರಡೂ ಪಕ್ಕವನ್ನು ಒಳಗೆ ಮಡಚಿದರೆ ಒಂದು ಕಾಲು. ಕಾಲಿನ ತುದಿ ಮಡಚಿ ಒಂದು ಪೇಪರ್ ಕ್ಲಿಪ್ ಹಾಕಿ. ಒಂದು ರೆಕ್ಕೆ ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿಸಿ, ಕೈ ಎತ್ತಿ ಬಿಡಿ. ತಿರುಗುತ್ತಾ ಇಳಿಯುತ್ತದೆ. ಕೆಳಗಿನಿಂದ ಒತ್ತುವ ಗಾಳಿ ಒಂದು ರೆಕ್ಕೆಯನ್ನು ಒಂದು ಕಡೆಗೆ, ಇನ್ನೊಂದನ್ನು ಎದುರು ಕಡೆಗೆ ತಳ್ಳುತ್ತದಲ್ವಾ, ಅದಕ್ಕೆ. ರೆಕ್ಕೆಗಳ ಬಾಗು ಅದಲು ಬದಲು ಮಾಡಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ಹೇಳಬೇಡಿ, ಅವರೇ ಕಂಡುಕೊಳ್ಳಲಿ.

ಲೋಟದ ಫೋನು: ಎರಡು ಕಾಗದದ ಲೋಟ, ತಳಕ್ಕೆ ಸೂಜಿಯ ತೂತು, ಎಂಟು ಹತ್ತು ಮೀಟರ್ ದಾರ. ಒಳಗಡೆ ಅರ್ಧ ಬೆಂಕಿಕಡ್ಡಿಗೆ ದಾರ ಕಟ್ಟಿದರೆ ಕಿತ್ತು ಬರುವುದಿಲ್ಲ. ಮದ್ದಿನ ತುದಿ ಮುರಿದು ಹಾಕಿ. ದಾರ ಬಿಗಿಯಾಗಿರಬೇಕು, ಎಲ್ಲಿಯೂ ತಾಕಬಾರದು. ಬಾಗಿಲ ಮೂಲೆಗೆ ತಾಕಿದರೂ ಮಾತು ಅಲ್ಲೇ ಸಾಯುತ್ತದೆ. ದಾರದ ಕಂಪನ ಗೋಡೆಗೆ ಹೋಗಿಬಿಡುತ್ತದೆ.

ಬೆಂಕಿಪೊಟ್ಟಣದ ಬೀರು: ಆರು ಖಾಲಿ ಪೊಟ್ಟಣ, ಎರಡರ ಪಕ್ಕ ಎರಡು, ಮೂರು ಅಂತಸ್ತು. ಹೊರಪೆಟ್ಟಿಗೆಗಳನ್ನು ಮಾತ್ರ ಅಂಟಿಸಿ, ಡ್ರಾಯರ್‌ಗಳು ಜಾರುವ ಹಾಗಿರಲಿ. ಸುತ್ತ ಒಂದು ಪಟ್ಟಿ ಕಾಗದ. ಹಿಡಿಗೆ ಗುಂಡಿ. ಮಾಡಿ ಎರಡು ವರ್ಷವಾಯಿತು, ನನ್ನ ಸೂಜಿ, ಹುಕ್ಕು, ಪಿನ್ನು ಎಲ್ಲ ಅದರಲ್ಲೇ.

ಕಾಗದದ ಬಟ್ಟಲು, ಬೂಷ್ಟು ಸಮೇತ

ಬಟ್ಟಲು ಮಾಡಲು ತಾಳ್ಮೆ ಬೇಕು. ಒಂದು ದಿನದ ಕೆಲಸ ಅಂತ ಹೇಳಿ ಮಕ್ಕಳನ್ನು ಕೂರಿಸಬೇಡಿ, ಮೂರು ದಿನ ಅಂತಲೇ ಹೇಳಿ.

ಮನೆಯ ಒಂದು ಬಟ್ಟಲನ್ನು ಬೋರಲು ಹಾಕಿ, ಹೊರಮೈಗೆ ಎಣ್ಣೆ ಸವರಿ. ಪತ್ರಿಕೆಯನ್ನು ಓಟದ ದಿಕ್ಕಿಗೆ ಎರಡು ಬೆರಳಗಲ ಹರಿದುಕೊಳ್ಳಿ. ಕತ್ತರಿಸಬೇಡಿ. ಹರಿದ ಅಂಚು ತೆಳ್ಳಗಿದ್ದು ಒಂದರೊಳಗೊಂದು ಕೂಡಿಕೊಳ್ಳುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಮೊದಲ ಪದರಕ್ಕೆ ಅಂಟು ಬೇಡ, ಬರೀ ನೀರಿನಲ್ಲಿ ಅದ್ದಿ ಹಾಕಿ. ಆಗ ಅಚ್ಚಿನಿಂದ ಬಿಡಿಸುವಾಗ ಅಂಟಿಕೊಳ್ಳುವುದಿಲ್ಲ. ಎರಡನೆಯ ಪದರದಿಂದ ಮೈದಾ ಅಂಟು. ಒಂದು ಪದರ ಪತ್ರಿಕೆ, ಮೇಲಿನದು ಬಿಳಿ ಕಾಗದ, ಮತ್ತೆ ಪತ್ರಿಕೆ, ಹೀಗೆ ಹಾಕಿದರೆ ಎಲ್ಲಿ ಮುಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ಮಗುವಿಗೇ ತಿಳಿಯುತ್ತದೆ. ನೀವು "ಇಲ್ಲಿ ಬಿಟ್ಟಿದ್ದೀಯ ನೋಡು" ಅನ್ನುವ ಕೆಲಸ ತಪ್ಪುತ್ತದೆ.

ಒಂದು ದಿನಕ್ಕೆ ಮೂರು ಪದರ ಸಾಕು. ನಾವು ಮೊದಲ ಸಲ ಹುಮ್ಮಸ್ಸಿನಲ್ಲಿ ಎಂಟು ಪದರ ಹಾಕಿ, ಮಳೆಯ ದಿನ, ಅಡುಗೆಮನೆಯ ಮೂಲೆಯಲ್ಲಿ ಇಟ್ಟೆವು. ಹೊರಗೆ ಮುಟ್ಟಿದರೆ ಒಣಗಿತ್ತು. ಐದನೆಯ ದಿನ ಎತ್ತಿ ನೋಡಿದರೆ ಒಳಗೆಲ್ಲ ಹಸಿರು ಬೂಷ್ಟು. ಮಗಳಿಗೆ ಅಳು, ಮಗನಿಗೆ ಹಬ್ಬ. ಅವನು ಅದನ್ನು ಸಾಕಬೇಕು ಅಂದ. ಈಗ ಮೂರು ಪದರ ಹಾಕಿ, ಒಂದು ದಿನ ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟು, ತಟ್ಟಿದರೆ ಟಕ್ ಅನ್ನುವಷ್ಟು ಒಣಗಿದ ಮೇಲೆ ಮುಂದಿನ ಎರಡು. ಬಿಡಿಸಿದ ಮೇಲೆ ಬೋರಲು ಹಾಕದೆ ಅಂಗಾತ ಇಟ್ಟು ಒಳಮೈ ಒಣಗಿಸಿ. ಅಂಚನ್ನು ಕತ್ತರಿಯಿಂದ ಸಮ ಮಾಡಿ, ಸಣ್ಣ ಪಟ್ಟಿ ಸುತ್ತಿ ಮುಚ್ಚಿ.

ಬಟ್ಟಲಿನ ಬದಲು ಬಲೂನಿನ ಮೇಲೂ ಮಾಡಬಹುದು. ಆದರೆ ಬಲೂನನ್ನು ಬಿಸಿಲಿಗೆ ಇಡಬೇಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅರೆಹಸಿ ಕಾಗದ ಅದರ ಜೊತೆಗೇ ಸೊರಗಿ ಒಣದ್ರಾಕ್ಷಿಯ ಹಾಗಾಗುತ್ತದೆ. ನೆರಳಲ್ಲಿ ತೂಗುಹಾಕಿ.

ಈ ಬಟ್ಟಲಿನಲ್ಲಿ ನೀರು, ತಿಂಡಿ ಬೇಡ. ನಮ್ಮದರಲ್ಲಿ ಬೀಗದ ಕೈ ಇರುತ್ತವೆ. ಅಂದರೆ, ಇರಬೇಕು.

ಕಾಲುಚೀಲದ ಗೊಂಬೆ

ಜೋಡಿ ಕಳೆದುಕೊಂಡ ಕಾಲುಚೀಲಕ್ಕೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ಮಗುವಿನ ಕೈ ಒಳಗೆ ಹೋಗಲಿ. ಬೆರಳುಗಳು ಮುಂದಿನ ತುದಿಯಲ್ಲಿ, ಹಿಮ್ಮಡಿಯ ಭಾಗ ಮಣಿಕಟ್ಟಿನ ಮೇಲೆ ಬರಬೇಕು. ಹೆಬ್ಬೆರಳಿಗೂ ಉಳಿದ ಬೆರಳಿಗೂ ನಡುವೆ ಬಟ್ಟೆಯನ್ನು ಒಳಕ್ಕೆ ಒತ್ತಿದರೆ ಬಾಯಿ. ಬಾಯಿ ಗಟ್ಟಿಯಾಗಿ ನಿಲ್ಲಬೇಕಾದರೆ ಅಂಗೈಗಿಂತ ಸಣ್ಣದಾದ ಮೊಟ್ಟೆಯಾಕಾರದ ತೆಳು ರಟ್ಟನ್ನು ನಡುವೆ ಮಡಚಿ ಒಳಗಿನಿಂದ ಅಂಟಿಸಿ. ಇಲ್ಲಿ ಬಿಳಿ ಗೋಂದೇ ಬೇಕು, ಮೈದಾ ಅಂಟು ಬಟ್ಟೆಯಲ್ಲಿ ಒಣಗಿದರೆ ಬಿರುಕು ಬಿಡುತ್ತದೆ. ಒಣಗುವವರೆಗೆ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಡಿ. ಕಣ್ಣಿಗೆ ಗುಂಡಿ. ಗುಂಡಿಯನ್ನು ಅಂಟಿಸಿದರೆ ಉದುರುತ್ತದೆ, ಹೊಲಿಯಬೇಕು. ಆರು ವರ್ಷ ದಾಟಿದ ಮಗು ಮೊಂಡು ಸೂಜಿಯಲ್ಲಿ ತಾನೇ ಹೊಲಿಯುತ್ತದೆ. ಹೊಲಿಯುವ ಮೊದಲು ಒಳಗೆ ಒಂದು ರಟ್ಟಿನ ತುಂಡು ತೂರಿಸಿ. ಇಲ್ಲದಿದ್ದರೆ ಕಾಲುಚೀಲದ ಎರಡೂ ಮೈ ಸೇರಿ ಹೊಲಿದು ಕೈ ಹೋಗುವ ದಾರಿಯೇ ಮುಚ್ಚುತ್ತದೆ. ನಮ್ಮಲ್ಲಿ ಪ್ರತಿ ಸಲವೂ ಒಂದು ಹೀಗೆ ಆಗುತ್ತದೆ.

ಕೂದಲಿಗೆ ಉಣ್ಣೆ ದಾರ, ನಾಲಿಗೆಗೆ ಕೆಂಪು ಬಟ್ಟೆಯ ಚೂರು. ಅಷ್ಟಾದ ಮೇಲೆ ಸೋಫಾದ ಹಿಂದೆ ಕೂರಿಸಿ, ನೀವು ಮುಂದೆ ಕೂತು ನೋಡಿ.

ಹೋದ ತಿಂಗಳು ಮಗ ಬೂದು ಬಣ್ಣದ ಕಾಲುಚೀಲಕ್ಕೆ ಎಲ್ಲಿ ಕಣ್ಣು ಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದ. ಎರಡೂ ಒಂದೇ ಬದಿಗೆ, ಒಂದರ ಪಕ್ಕ ಒಂದು. ಇನ್ನೊಂದು ಬದಿ ಬೋಳು. ಹೇಳಬೇಕೆಂದು ಬಾಯಿ ತೆರೆದೆ. ಶೋಕೇಸಿನ ಕಡ್ಡಿ ಮನೆ ಕಣ್ಣಿಗೆ ಬಿತ್ತು, ಮುಚ್ಚಿದೆ. ಅಕ್ಕ ಹೊಲಿದುಕೊಟ್ಟಳು. ಅವನು ಅದನ್ನು ಕೈಗೆ ಹಾಕಿಕೊಂಡು ನೆಲದ ಮೇಲೆ ಅಡ್ಡ ಮಲಗಿಸಿದ. "ಇದು ಮೀನು. ಕೆಳಗೆ ಮರಳಿದೆ. ಮೇಲೆ ಮಾತ್ರ ನೋಡಬೇಕು ಇದಕ್ಕೆ." ಸಮುದ್ರದ ತಳದಲ್ಲಿ ಮರಳಿಗೆ ಒತ್ತಿಕೊಂಡು ಮಲಗುವ ಚಪ್ಪಟೆ ಮೀನುಗಳಿಗೆ ನಿಜವಾಗಿಯೂ ಎರಡು ಕಣ್ಣೂ ಒಂದೇ ಬದಿಗೆ ಇರುತ್ತವೆ. ಮರಿಯಾಗಿದ್ದಾಗ ಎರಡು ಕಡೆ ಇದ್ದ ಕಣ್ಣು, ಬೆಳೆಯುತ್ತಾ ಒಂದು ಈಚೆಗೆ ಸರಿಯುತ್ತದೆ. ಅವನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಚಿತ್ರ ಹುಡುಕಿ ತೋರಿಸಿದೆ. "ಹೌದು, ಇದೇ" ಅಂದ, ನನಗೇ ತಡವಾಗಿ ತಿಳಿಯಿತು ಎಂಬಂತೆ.

ಈಗ ಆ ಮೀನಿಗೆ ಒಬ್ಬ ಗೆಳೆಯ ಬೇಕಂತೆ, ಅದೂ ಬೂದು ಬಣ್ಣದ್ದೇ. ಜೋಡಿ ಇಲ್ಲದ ಕಾಲುಚೀಲಗಳು ಪೆಟ್ಟಿಗೆಯಲ್ಲಿ ಮುಗಿದಿವೆ. ನನ್ನ ಆಫೀಸಿನ ಒಳ್ಳೆಯ ಜೋಡಿಯೊಂದರ ಮೇಲೆ ಅವನ ಕಣ್ಣು ಬಿದ್ದಿದೆ. ಸದ್ಯಕ್ಕೆ ಬೀರುವಿನ ಮೇಲಿನ ಅರೆಗೆ ಸಾಗಿಸಿದ್ದೇನೆ.